ಹಿಸ್ಟೋನ್ ಎಂಬ ಪ್ರೋಟೀನ್ ಸಿಕ್ಕಿದ್ದು 1884ರಲ್ಲಿ, ಅದು ಏನು ಮಾಡುತ್ತದೆ ಎಂದು ಗೊತ್ತಾಗಲು ತೊಂಬತ್ತು ವರ್ಷ ಯಾಕೆ ಬೇಕಾಯಿತು?

ಮನುಷ್ಯನ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಡಿಎನ್‌ಎ ಇದೆ. ಅದನ್ನು ಇಟ್ಟುಕೊಂಡಿರುವ ನ್ಯೂಕ್ಲಿಯಸ್‌ನ ಅಡ್ಡಳತೆ ಸಾಮಾನ್ಯವಾಗಿ 6ರಿಂದ 10 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಈ ಎರಡು ಸಂಖ್ಯೆ ಹೇಳಿ, ಎಷ್ಟು ಬಿಗಿಯಾಗಿ ತುರುಕಿದೆ ನೋಡಿ ಎಂದು ಮಾತು ಮುಗಿಸುವುದು ವಾಡಿಕೆ. ಆದರೆ ಸ್ವಲ್ಪ ಲೆಕ್ಕ ಹಾಕಿ. ಡಿಎನ್‌ಎ ಎಳೆಯ ದಪ್ಪ ಬರೀ 2 ನ್ಯಾನೋಮೀಟರ್. ಎರಡು ಮೀಟರ್ ಉದ್ದವಿದ್ದರೂ ಅದು ಹಿಡಿಯುವ ಜಾಗ ಸುಮಾರು ಆರು ಘನ ಮೈಕ್ರೋಮೀಟರ್ ಅಷ್ಟೇ. ತೀರಾ ಚಿಕ್ಕ, 6 ಮೈಕ್ರೋಮೀಟರಿನ ನ್ಯೂಕ್ಲಿಯಸ್ ತೆಗೆದುಕೊಂಡರೂ ಅದರೊಳಗಿನ ಜಾಗ ನೂರು ಘನ ಮೈಕ್ರೋಮೀಟರಿಗಿಂತ ಜಾಸ್ತಿ. ಡಿಎನ್‌ಎಗೆ ಬೇಕಿರುವುದು ಅದರಲ್ಲಿ ನೂರಕ್ಕೆ ಆರು ಪಾಲು. ಜಾಗಕ್ಕೇನೂ ಕೊರತೆಯಿಲ್ಲ.

ಹಾಗಾದರೆ ಕಷ್ಟ ಎಲ್ಲಿದೆ? ನ್ಯೂಕ್ಲಿಯಸ್ ಅನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ, 6 ಸೆಂಟಿಮೀಟರಿನ ಚೆಂಡು ಎಂದುಕೊಳ್ಳಿ. ಆಗ ಡಿಎನ್‌ಎ 20 ಕಿಲೋಮೀಟರ್ ಉದ್ದದ, ಕೂದಲಿಗಿಂತ ತೆಳ್ಳಗಿನ ದಾರ, ಅದೂ 46 ತುಂಡುಗಳಲ್ಲಿ. ಚೆಂಡಿನೊಳಗೆ ಅದು ಹಿಡಿಸುತ್ತದೆ. ಆದರೆ ಈ ದಾರ ಗಡುಸು, ಸುಲಭಕ್ಕೆ ಬಾಗುವುದಿಲ್ಲ. ಜೊತೆಗೆ ಉದ್ದಕ್ಕೂ ಋಣ ವಿದ್ಯುದಂಶ ತುಂಬಿದೆ, ಹಾಗಾಗಿ ಒಂದು ಭಾಗ ಇನ್ನೊಂದನ್ನು ದೂರ ತಳ್ಳುತ್ತದೆ. ಅದು ಗಂಟು ಬೀಳಬಾರದು. ಕೋಶ ಒಡೆದು ಎರಡಾಗುವ ಮುಂಚೆ ಪೂರ್ತಿ ನಕಲಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವುದೋ ಒಂದು ಜೀನ್ ಓದಬೇಕಾದಾಗ ಇಪ್ಪತ್ತು ಕಿಲೋಮೀಟರಿನಲ್ಲಿ ಆ ಕೆಲವು ಇಂಚಿನಷ್ಟು ಜಾಗ ಮಾತ್ರ ತೆರೆದುಕೊಳ್ಳಬೇಕು. ಮಡಚಿಡುವುದು ಬೇರೆ ಕೆಲಸ, ಓದುವುದು ಬೇರೆ ಕೆಲಸ ಎಂದು ವಿಜ್ಞಾನಿಗಳು ಬಹಳ ಕಾಲ ಅಂದುಕೊಂಡಿದ್ದರು. ಎರಡನ್ನೂ ಒಂದೇ ಪ್ರೋಟೀನ್ ಗುಂಪು ನೋಡಿಕೊಳ್ಳುತ್ತದೆ. ಅದೇ ಹಿಸ್ಟೋನ್. ಅದರ ಕತೆಯಲ್ಲಿ ನನಗೆ ಬೆರಗು ಹುಟ್ಟಿಸುವುದು ಏನೆಂದರೆ, ವಸ್ತು ಕೈಯಲ್ಲೇ ಇದ್ದರೂ ಅದನ್ನು ಸರಿಯಾಗಿ ನೋಡಲು ಅಷ್ಟು ಕಾಲ ಹಿಡಿದದ್ದು.

ಡಿಎನ್‌ಎ ಮೊದಲು ಸಿಕ್ಕಿದ್ದು ಕೀವಿನಲ್ಲಿ. 1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಫ್ರೀಡ್ರಿಶ್ ಮೀಷರ್ ಎಂಬ ಯುವ ಸ್ವಿಸ್ ವೈದ್ಯ, ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟಿ ಬಿಸಾಡಿದ ಬ್ಯಾಂಡೇಜುಗಳನ್ನು ತೊಳೆದು, ಅದರಲ್ಲಿದ್ದ ಬಿಳಿ ರಕ್ತಕಣಗಳ ನ್ಯೂಕ್ಲಿಯಸ್‌ಗಳನ್ನು ಬೇರ್ಪಡಿಸಿದರು. ಅದರಲ್ಲಿ ರಂಜಕ ತುಂಬಿದ ಒಂದು ವಸ್ತು ಸಿಕ್ಕಿತು. ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟರು. ಹದಿನೈದು ವರ್ಷದ ನಂತರ, 1884ರಲ್ಲಿ, ಆಲ್ಬ್ರೆಕ್ಟ್ ಕಾಸೆಲ್ ಹೆಬ್ಬಾತಿನ ರಕ್ತ ತೆಗೆದುಕೊಂಡರು. ಹೆಬ್ಬಾತೇ ಯಾಕೆ? ನಮ್ಮ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ, ಹಕ್ಕಿಗಳದ್ದರಲ್ಲಿ ಇರುತ್ತದೆ. ರಕ್ತ ತೆಗೆದರೆ ಒಂದೇ ಬಗೆಯ ಕೋಶ ರಾಶಿ ರಾಶಿ ಸಿಗುತ್ತದೆ. ಆ ನ್ಯೂಕ್ಲಿಯಸ್‌ಗಳನ್ನು ತೆಳು ಆಮ್ಲದಲ್ಲಿ ನೆನೆಸಿದಾಗ ಒಂದು ಪ್ರೋಟೀನ್ ಕರಗಿ ಹೊರಬಂತು. ಅದಕ್ಕೆ ಅವರಿಟ್ಟ ಹೆಸರೇ ಹಿಸ್ಟೋನ್. ಜೀವಕೋಶದ ರಸಾಯನಶಾಸ್ತ್ರದ ಕೆಲಸಕ್ಕಾಗಿ ಕಾಸೆಲ್ ಅವರಿಗೆ 1910ರಲ್ಲಿ ನೊಬೆಲ್ ಬಂತು.

ಆ ಆಮ್ಲವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಎಷ್ಟೋ ದಶಕ ಹಿಸ್ಟೋನ್ ಬೇಕೆಂದವರೆಲ್ಲ ಅದೇ ದಾರಿ ಹಿಡಿದರು. ಆಮ್ಲ ಹಾಕಿದರೆ ಹಿಸ್ಟೋನ್ ಸುಲಭವಾಗಿ ಬರುತ್ತದೆ, ನಿಜ. ಆದರೆ ಅದರ ಸಹಜ ಆಕಾರ ಬಿಚ್ಚಿಹೋಗುತ್ತದೆ, ಯಾವ ಹಿಸ್ಟೋನ್ ಯಾವುದರ ಜೊತೆ ಅಂಟಿಕೊಂಡಿತ್ತು ಎಂಬ ಸುಳಿವೂ ಅಳಿಸಿಹೋಗುತ್ತದೆ.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಆನುವಂಶಿಕ ಮಾಹಿತಿ ಪ್ರೋಟೀನಿನಲ್ಲೇ ಇರಬೇಕು ಎಂದು ಬಹಳ ಮಂದಿ ನಂಬಿದ್ದರು. 1944ರಲ್ಲಿ ಏವರಿ, ಮೆಕ್ಲಿಯಾಡ್, ಮೆಕಾರ್ಟಿ ಆ ಮಾಹಿತಿ ಡಿಎನ್‌ಎಯಲ್ಲಿದೆ ಎಂದು ತೋರಿಸಿದರು. 1953ರಲ್ಲಿ ಜೋಡಿ ಸುರುಳಿಯ ರಚನೆ ಬಂತು. ಅಲ್ಲಿಗೆ ಎಲ್ಲರ ಕಣ್ಣು ಡಿಎನ್‌ಎ ಮೇಲೆ. ಪಕ್ಕದಲ್ಲೇ, ಹೆಚ್ಚುಕಡಿಮೆ ಅಷ್ಟೇ ತೂಕಕ್ಕೆ ಇದ್ದ ಹಿಸ್ಟೋನ್ ಸುಮ್ನೆ ಹೊದಿಕೆ ಎನಿಸಿಕೊಂಡಿತು.

ಕೆಲವರು ಮಾತ್ರ ಬೇರೆ ರೀತಿ ಯೋಚಿಸುತ್ತಿದ್ದರು. 1950ರಲ್ಲಿ ಎಡಿನ್‌ಬರೋದ ಎಡ್ಗರ್ ಸ್ಟೆಡ್‌ಮನ್ ಮತ್ತು ಎಲೆನ್ ಸ್ಟೆಡ್‌ಮನ್, ಹಿಸ್ಟೋನ್ ಜೀನ್‌ಗಳನ್ನು ಅದುಮಿ ಇಡುತ್ತಿರಬಹುದು ಎಂದರು. 1964ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್‌ನಲ್ಲಿ ವಿನ್ಸೆಂಟ್ ಆಲ್‌ಫ್ರೀ ಮತ್ತು ಜೊತೆಗಾರರು ಹಿಸ್ಟೋನ್ ಮೇಲೆ ಅಸಿಟೈಲ್ ಎಂಬ ಪುಟ್ಟ ಗುಂಪು ಅಂಟುವುದನ್ನು ತೋರಿಸಿ, ಅದು ಅಂಟಿದಾಗ ಜೀನ್ ಓದುವುದಕ್ಕೆ ಇದ್ದ ಅಡ್ಡಿ ಕಡಿಮೆಯಾಗುತ್ತದೆ ಎಂದು ಬರೆದರು. ಇವತ್ತು ಓದಿದರೆ ಎಷ್ಟು ಸರಿಯಾಗಿ ಹೇಳಿದ್ದರು ಅನ್ನಿಸುತ್ತದೆ. ಆದರೆ ಅಸಿಟೈಲ್ ಅಂಟಿಸುವ ಕಿಣ್ವ ಯಾವುದು ಎಂದು ತೋರಿಸಲು ಆಗ ಆಗಲಿಲ್ಲ. ಹಾಗಾಗಿ ಮಾತು ಅಲ್ಲಿಗೇ ನಿಂತಿತು, ಮೂವತ್ತು ವರ್ಷ.

1969ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಹಿಸ್ಟೋನ್‌ನಲ್ಲಿ ಐದು ಬಗೆ: ಎಚ್1, ಎಚ್2ಎ, ಎಚ್2ಬಿ, ಎಚ್3, ಎಚ್4. ಇದರಲ್ಲಿ ಎಚ್4ನಲ್ಲಿರುವುದು 102 ಅಮೈನೋ ಆಮ್ಲ. ಕರುವಿನ ಎಚ್4 ಮತ್ತು ಬಟಾಣಿ ಗಿಡದ ಎಚ್4 ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಬರೀ ಎರಡು ಕಡೆ. ಪ್ರಾಣಿ ಮತ್ತು ಗಿಡ ಬೇರೆಯಾಗಿ ನೂರು ಕೋಟಿ ವರ್ಷಕ್ಕೂ ಮೇಲಾಗಿದೆ. ಅಷ್ಟು ಕಾಲ ಒಂದು ಪ್ರೋಟೀನ್ ಬದಲಾಗದೆ ಉಳಿದಿದೆ ಎಂದರೆ ಅದರ ಪ್ರತಿಯೊಂದು ಭಾಗಕ್ಕೂ ಏನೋ ಕೆಲಸವಿದೆ, ಎಲ್ಲಿ ಬದಲಾದರೂ ಕೋಶಕ್ಕೆ ಕಷ್ಟ ಎಂದೇ ಅರ್ಥ. ಬರೀ ಹೊದಿಕೆಗೆ ಇಷ್ಟು ಹಟ ಬೇಕಿಲ್ಲ, ಅಲ್ವಾ?

ಆ ಹೊತ್ತಿಗೂ ಎಲ್ಲರ ಮನಸ್ಸಿನಲ್ಲಿದ್ದ ಚಿತ್ರ ಒಂದೇ: ಒಳಗೆ ಡಿಎನ್‌ಎ, ಅದರ ಮೈಮೇಲೆ ಹಿಸ್ಟೋನ್ ಲೇಪ. 1967ರಲ್ಲಿ ಮಾರಿಸ್ ವಿಲ್ಕಿನ್ಸ್ (ಡಿಎನ್‌ಎ ರಚನೆಗೆ ನೊಬೆಲ್ ಹಂಚಿಕೊಂಡವರೇ) ಮತ್ತು ಜೊತೆಗಾರರು ಎಕ್ಸ್‌ರೇ ಚಿತ್ರ ನೋಡಿ, ಹಿಸ್ಟೋನ್ ಹೊದ್ದ ಡಿಎನ್‌ಎ ಒಂದೇ ಸಮನೆ ಸುರುಳಿಯಾಗಿ ಹೋಗುತ್ತದೆ ಎಂಬ ಮಾದರಿ ಕೊಟ್ಟರು. ಚಿತ್ರ ಚೆನ್ನಾಗಿತ್ತು, ಸರಿಯಾಗಿರಲಿಲ್ಲ.

1973 ಮತ್ತು 74, ಈ ಎರಡು ವರ್ಷ ನಮ್ಮ ಕತೆಯ ನಡುಮಧ್ಯ. ಮೂರು ಕಡೆಯಿಂದ ಮೂರು ಸಾಕ್ಷಿ ಬಂದವು.

ಮೊದಲನೆಯದು ಆಸ್ಟ್ರೇಲಿಯಾದಿಂದ. ಅಡಿಲೇಡ್‌ನ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಡೀನ್ ಹ್ಯೂಯಿಷ್ ಮತ್ತು ಲೀ ಬರ್ಗಾಯ್ನ್ ಇಲಿಯ ಲಿವರ್ ಕೋಶಗಳ ನ್ಯೂಕ್ಲಿಯಸ್ ತೆಗೆದು, ಅದರೊಳಗೇ ಇರುವ, ಡಿಎನ್‌ಎ ಕತ್ತರಿಸುವ ಕಿಣ್ವ ಕೆಲಸ ಮಾಡುವುದಕ್ಕೆ ಬಿಟ್ಟರು. ಆಮೇಲೆ ತುಂಡುಗಳನ್ನು, ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದರು. ಕಿಣ್ವ ಮನಸ್ಸಿಗೆ ಬಂದಲ್ಲಿ ಕತ್ತರಿಸಿದ್ದರೆ ಜೆಲ್‌ನಲ್ಲಿ ಮಬ್ಬು ಪಟ್ಟೆಯೊಂದು ಕಾಣಬೇಕಿತ್ತು. ಕಂಡದ್ದು ಏಣಿಯ ಮೆಟ್ಟಿಲಿನ ಹಾಗೆ ಬಿಡಿಬಿಡಿ ಗೆರೆಗಳು. ಒಂದು ಅಳತೆ, ಅದರ ಎರಡರಷ್ಟು, ಮೂರರಷ್ಟು, ಹೀಗೆ. ಅಂದರೆ ಡಿಎನ್‌ಎ ಮೇಲೆ ಸಮಾನ ಅಂತರದಲ್ಲಿ ಏನೋ ಕೂತಿದೆ, ಅದರ ನಡುವಿನ ಸಂದಿಯಲ್ಲಿ ಮಾತ್ರ ಕಿಣ್ವಕ್ಕೆ ಕತ್ತರಿಸಲು ಆಗುತ್ತಿದೆ. ಆ ಅಳತೆ ಸುಮಾರು 200 ಬೇಸ್ ಜೋಡಿ (ಡಿಎನ್‌ಎಯ ಎರಡು ಎಳೆಗಳನ್ನು ಸೇರಿಸುವ ಅಕ್ಷರಗಳ ಜೋಡಿ) ಎಂದು ಆಮೇಲೆ ತಿಳಿಯಿತು.

ಎರಡನೆಯದನ್ನು ಕಣ್ಣಾರೆ ನೋಡಬಹುದಿತ್ತು. ಅಮೆರಿಕದ ಓಕ್ ರಿಡ್ಜ್‌ನಲ್ಲಿ ಏಡಾ ಓಲಿನ್ಸ್ ಮತ್ತು ಡೊನಾಲ್ಡ್ ಓಲಿನ್ಸ್ ನ್ಯೂಕ್ಲಿಯಸ್‌ಗಳನ್ನು ನೀರಿನಲ್ಲಿ ಉಬ್ಬಿಸಿ ಒಡೆದು, ಹೊರಗೆ ಚೆಲ್ಲಿದ ಎಳೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ದಾರಕ್ಕೆ ಪೋಣಿಸಿದ ಮಣಿಗಳು! ಕ್ರಿಸ್ಟೋಫರ್ ವುಡ್‌ಕಾಕ್ ಕೂಡ ಅದೇ ಸಮಯಕ್ಕೆ ಇಂಥದ್ದನ್ನೇ ಕಂಡಿದ್ದರು.

ಮೂರನೆಯದು ಕೇಂಬ್ರಿಡ್ಜ್‌ನಿಂದ, ಆಗಿನ್ನೂ 27 ವರ್ಷದ ರೋಜರ್ ಕಾರ್ನ್‌ಬರ್ಗ್ ಅವರಿಂದ. 1971ರಲ್ಲೇ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಆಮ್ಲ ಮುಟ್ಟಿಸದೆ ಹಿಸ್ಟೋನ್ ತೆಗೆಯುವ ಮೃದುವಾದ ವಿಧಾನ ಬಂದಿತ್ತು. ಆ ವಿಧಾನದಲ್ಲಿ ತೆಗೆದರೆ ಎಚ್3 ಮತ್ತು ಎಚ್4 ಒಂಟಿಯಾಗಿ ಬರುತ್ತಿರಲಿಲ್ಲ, ಜೊತೆಯಾಗಿ ಬರುತ್ತಿದ್ದವು. ಕಾರ್ನ್‌ಬರ್ಗ್ ಮತ್ತು ಜೀನ್ ಥಾಮಸ್ ಅವುಗಳನ್ನು ರಾಸಾಯನಿಕವಾಗಿ ಬೆಸೆದು ಎಣಿಸಿದರು. ಎರಡು ಎಚ್3, ಎರಡು ಎಚ್4, ನಾಲ್ಕರ ಒಂದು ಗಟ್ಟಿ ಉಂಡೆ. ಹಿಮೋಗ್ಲೋಬಿನ್ ಕೂಡ ಹೀಗೇ ನಾಲ್ಕರ ಉಂಡೆ, ಅದರ ನಡುವೆ ಡಿಎನ್‌ಎ ತೂರಿಹೋಗುವಂಥ ತೂತು ಇರುವುದಿಲ್ಲ. ಇಂಥ ಉಂಡೆಯೊಳಗೆ ಡಿಎನ್‌ಎ ಹೋಗಲು ಆಗದಿದ್ದರೆ ಅದು ಹೊರಗಡೆಯೇ ಸುತ್ತಿಕೊಂಡಿರಬೇಕು. ಎಚ್2ಎ, ಎಚ್2ಬಿ ಕೂಡ ಎರಡೆರಡು ಸೇರಿಸಿದರೆ ಎಂಟು. ಎಂಟು ಹಿಸ್ಟೋನ್‌ಗೆ 200 ಬೇಸ್ ಜೋಡಿ. ಹ್ಯೂಯಿಷ್ ಅವರ ಏಣಿ, ಓಲಿನ್ಸ್ ಅವರ ಮಣಿ, ಎಲ್ಲವೂ ಒಂದೇ ಏಟಿಗೆ ಕೂಡಿಕೊಂಡವು.

ಒಳಗಿದೆ ಎಂದುಕೊಂಡದ್ದು ಹೊರಗಿತ್ತು, ಹೊರಗಿದೆ ಎಂದುಕೊಂಡದ್ದು ಒಳಗಿತ್ತು. ನ್ಯೂಟ್ರಾನ್ ಚದುರಿಕೆಯ ಪ್ರಯೋಗಗಳೂ ಇದನ್ನೇ ಹೇಳಿದವು. 1975ರಲ್ಲಿ ಸ್ಟ್ರಾಸ್‌ಬರ್ಗ್‌ನ ಪಿಯರ್ ಶಾಂಬೊ ತಂಡ ಈ ಮಣಿಗೆ ನ್ಯೂಕ್ಲಿಯೋಸೋಮ್ ಎಂದು ಹೆಸರಿಟ್ಟಿತು.

ಈ ಸುತ್ತುವಿಕೆ ಎಷ್ಟು ಕಠಿಣ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಮಣಿಗೆ ಸುತ್ತಿಕೊಳ್ಳುವುದು 147 ಬೇಸ್ ಜೋಡಿ, ಉದ್ದ ಸುಮಾರು 50 ನ್ಯಾನೋಮೀಟರ್. ಬಿಡಿಯಾಗಿ ಬಿಟ್ಟರೆ ಅಷ್ಟುದ್ದದ ಡಿಎನ್‌ಎ ಹೆಚ್ಚುಕಡಿಮೆ ಕಡ್ಡಿಯಂತೆ ನೆಟ್ಟಗೆ ನಿಲ್ಲುತ್ತದೆ. ಆ ಕಡ್ಡಿಯನ್ನು ಬರೀ 11 ನ್ಯಾನೋಮೀಟರ್ ಅಗಲದ ಬಿಲ್ಲೆಯಾಗುವಂತೆ ಒಂದೂವರೆ ಸುತ್ತಿಗಿಂತ ಜಾಸ್ತಿ ಬಗ್ಗಿಸಬೇಕು. ಅದಕ್ಕೆ ಬೇಕಾದ ಬಲ ಬರುವುದು ಹಿಸ್ಟೋನ್‌ನ ಧನ ವಿದ್ಯುದಂಶದಿಂದ. ಅದರ ಅಮೈನೋ ಆಮ್ಲಗಳಲ್ಲಿ ಐದಕ್ಕೆ ಒಂದರಷ್ಟು ಲೈಸೀನ್ ಅಥವಾ ಆರ್ಜಿನೀನ್, ಎರಡೂ ಧನ. ಡಿಎನ್‌ಎ ಋಣ. ಬಿಲ್ಲೆಯ ಸುತ್ತ ಹದಿನಾಲ್ಕು ಕಡೆ ಹಿಸ್ಟೋನ್ ಡಿಎನ್‌ಎಯನ್ನು ಹಿಡಿದುಕೊಂಡಿರುತ್ತದೆ. ಒಂದೊಂದು ಹಿಡಿತವೂ ಸಡಿಲವೇ, ಹದಿನಾಲ್ಕೂ ಸೇರಿದಾಗ ಭದ್ರ. ಹೀಗಿರುವುದಕ್ಕೇ ಬಿಚ್ಚುವಾಗ ಒಂದೊಂದಾಗಿ ಬಿಚ್ಚಿಕೊಂಡು ಹೋಗಬಹುದು. ಐದನೆಯದಾದ ಎಚ್1 ಹೊರಗಿನಿಂದ ಬಂದು, ಡಿಎನ್‌ಎ ಮಣಿಗೆ ಒಳಬರುವ ಮತ್ತು ಹೊರಹೋಗುವ ಕಡೆ ಕೂರುತ್ತದೆ. ಒಂದು ಕೋಶದಲ್ಲಿ ಇಂಥ ಮಣಿಗಳು ಸುಮಾರು ಮೂರು ಕೋಟಿ.

ಇಷ್ಟೊಂದು ಧನ ವಿದ್ಯುದಂಶದ ಪ್ರೋಟೀನನ್ನು ಡಿಎನ್‌ಎ ಪಕ್ಕ ಸುಮ್ಮನೆ ಸುರಿದರೆ ಎರಡೂ ಸೇರಿ ಗಡ್ಡೆ ಕಟ್ಟುತ್ತವೆ. ಕೋಶದೊಳಗೆ ಹಾಗಾಗದಂತೆ ಬೇರೆ ಪ್ರೋಟೀನ್‌ಗಳು ಹಿಸ್ಟೋನ್ ಕೈ ಹಿಡಿದು ಕರೆದುಕೊಂಡು ಹೋಗುತ್ತವೆ. 1978ರಲ್ಲಿ ರಾನ್ ಲಾಸ್ಕಿ ಮತ್ತು ಸಂಗಡಿಗರು ಕಪ್ಪೆಯ ಮೊಟ್ಟೆಯಲ್ಲಿ ಅಂಥದ್ದೊಂದನ್ನು ಕಂಡು ಅದನ್ನು ಶಾಪರೋನ್ ಎಂದು ಕರೆದರು. ಇವತ್ತು ಪ್ರೋಟೀನ್ ಮಡಚುವಿಕೆಯ ಪಾಠದಲ್ಲೆಲ್ಲ ಬರುವ ಆ ಪದ ಹುಟ್ಟಿದ್ದು ಹಿಸ್ಟೋನ್ ಕೆಲಸದಲ್ಲೇ.

ಮಣಿಯ ಆಕಾರ ಗೊತ್ತಾಯಿತು. ಆದರೂ ಹಿಸ್ಟೋನ್ ಬರೀ ಸುತ್ತಿಡುವ ಸಾಧನ ಎಂಬ ನಂಬಿಕೆ ಹೋಗಲಿಲ್ಲ. ಅದು ಅಲುಗಾಡಿದ್ದು 1980ರ ದಶಕದ ಕೊನೆಗೆ. ಕಾರ್ನ್‌ಬರ್ಗ್ ಲ್ಯಾಬ್‌ನಲ್ಲಿ ಯಾಹ್ಲಿ ಲಾರ್ಚ್ ಮತ್ತಿತರರು, ಜೀನ್ ಶುರುವಾಗುವ ಜಾಗದಲ್ಲಿ ಮಣಿ ಕೂತಿದ್ದರೆ ಓದುವಿಕೆ ಆರಂಭವೇ ಆಗುವುದಿಲ್ಲ ಎಂದು ಪ್ರನಾಳದಲ್ಲಿ ತೋರಿಸಿದರು. ಲಾಸ್ ಏಂಜಲೀಸ್‌ನಲ್ಲಿ ಮೈಕಲ್ ಗ್ರನ್‌ಸ್ಟೈನ್ ಜೀವಂತ ಯೀಸ್ಟ್‌ನಲ್ಲೇ ಎಚ್4 ತಯಾರಿ ನಿಲ್ಲಿಸಿದರು. ಮಣಿಗಳು ಕಡಿಮೆಯಾದ ಕೂಡಲೇ, ಯಾವ ಸೂಚನೆಯೂ ಇಲ್ಲದೆ, ಮುಚ್ಚಿದ್ದ ಕೆಲವು ಜೀನ್‌ಗಳು ತಾವಾಗಿಯೇ ತೆರೆದುಕೊಂಡವು.

ಆಮೇಲೆ 1996. ಆಲ್‌ಫ್ರೀ ಕಾಲದಿಂದ ಕಾಯುತ್ತಿದ್ದ ಕಿಣ್ವ ಕೊನೆಗೂ ಸಿಕ್ಕಿತು. ಡೇವಿಡ್ ಆಲಿಸ್ ಲ್ಯಾಬ್‌ನ ಜೇಮ್ಸ್ ಬ್ರೌನೆಲ್ ಅದನ್ನು ಟೆಟ್ರಹೈಮಿನಾ ಎಂಬ ಕೊಳದ ಏಕಕೋಶ ಜೀವಿಯಿಂದ ಬೇರ್ಪಡಿಸಿ ನೋಡಿದರೆ, ಯೀಸ್ಟ್‌ನಲ್ಲಿ ಜೀನ್‌ಗಳನ್ನು ಚಾಲೂ ಮಾಡುತ್ತದೆ ಎಂದು ಮೊದಲೇ ಗೊತ್ತಿದ್ದ ಜಿಸಿಎನ್5 ಎಂಬ ಪ್ರೋಟೀನಿಗೆ ಅದು ಸರಿಹೊಂದಿತು. ಅದೇ ವರ್ಷ ಸ್ಟುವರ್ಟ್ ಶ್ರೈಬರ್ ತಂಡ ಅಸಿಟೈಲ್ ಕಿತ್ತುಹಾಕುವ ಕಿಣ್ವ ಹಿಡಿಯಿತು. ಅದು ಯೀಸ್ಟ್‌ನಲ್ಲಿ ಜೀನ್‌ಗಳನ್ನು ಮುಚ್ಚಿಸುವ ಪ್ರೋಟೀನಿನ ಸಂಬಂಧಿ. ಅಂಟಿಸುವುದು ತೆರೆಯುತ್ತದೆ, ಕೀಳುವುದು ಮುಚ್ಚುತ್ತದೆ. ಸ್ಟೆಡ್‌ಮನ್ ದಂಪತಿ ಮತ್ತು ಆಲ್‌ಫ್ರೀ ಹೇಳಿದ್ದಕ್ಕೆ ಅಷ್ಟು ವರ್ಷದ ಮೇಲೆ ಬೆಲೆ ಬಂತು. ಮರುವರ್ಷ, 1997ರಲ್ಲಿ, ಜ್ಯೂರಿಕ್‌ನಲ್ಲಿ ಕ್ಯಾರೊಲಿನ್ ಲೂಗರ್, ಟಿಮೊಥಿ ರಿಚ್‌ಮಂಡ್ ಮತ್ತು ಜೊತೆಗಾರರು ಮಣಿಯ ರಚನೆಯನ್ನು 2.8 ಆಂಗ್‌ಸ್ಟ್ರಾಮ್ (0.28 ನ್ಯಾನೋಮೀಟರ್) ಸ್ಪಷ್ಟತೆಯಲ್ಲಿ ಬಿಡಿಸಿಟ್ಟರು. ಎಂಟೂ ಹಿಸ್ಟೋನ್‌ಗಳ ಬಾಲಗಳು ಡಿಎನ್‌ಎ ಸುತ್ತುಗಳನ್ನು ದಾಟಿ ಹೊರಗೆ ಚಾಚಿಕೊಂಡಿದ್ದವು. ಅಸಿಟೈಲ್, ಮೀಥೈಲ್ ಮುಂತಾದ ಗುರುತುಗಳು ಹೆಚ್ಚಾಗಿ ಅಂಟುವುದು ಈ ಬಾಲಗಳ ಮೇಲೆಯೇ.

ಇದು ಲ್ಯಾಬ್‌ಗಳ ಒಳಗಿನ ಚರ್ಚೆಯಾಗಿ ಮಾತ್ರ ಉಳಿಯಲಿಲ್ಲ. ಅಸಿಟೈಲ್ ಕೀಳುವ ಕಿಣ್ವವನ್ನು ತಡೆಯುವ ವೊರಿನೊಸ್ಟಾಟ್ ಎಂಬ ಔಷಧಕ್ಕೆ 2006ರಲ್ಲಿ ಅಮೆರಿಕದಲ್ಲಿ ಚರ್ಮದಲ್ಲಿ ಬರುವ ಒಂದು ಬಗೆಯ ಲಿಂಫೋಮಾ ಕ್ಯಾನ್ಸರ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. 2012ರಲ್ಲಿ ಮಕ್ಕಳ ಮಿದುಳ ಬುಡದಲ್ಲಿ ಬರುವ ಭೀಕರ ಗೆಡ್ಡೆಯೊಂದರಲ್ಲಿ, ಎಚ್3ರ 27ನೇ ಜಾಗದ ಲೈಸೀನ್ ಬದಲಾಗಿ ಮೆಥಿಯೋನಿನ್ ಆಗಿರುವುದು ಬಹುಪಾಲು ರೋಗಿಗಳಲ್ಲಿ ಕಂಡುಬಂತು. ಎಚ್3 ತಯಾರಿಸುವ ಜೀನ್ ನಮ್ಮಲ್ಲಿ ಒಂದಲ್ಲ, ಹಲವಾರಿವೆ. ಕೆಟ್ಟಿರುವುದು ಅದರಲ್ಲಿ ಒಂದು ಪ್ರತಿಯ ಒಂದೇ ಅಕ್ಷರ. ಹಾಗಿದ್ದೂ ಆ ಕೆಟ್ಟ ಹಿಸ್ಟೋನ್, ಮೀಥೈಲ್ ಗುರುತು ಹಾಕುವ ಕಿಣ್ವವನ್ನೇ ತಡೆದು, ಇಡೀ ಕೋಶದಲ್ಲಿ ಆ ಗುರುತನ್ನು ಬಹುತೇಕ ಅಳಿಸಿಬಿಡುತ್ತದೆ ಎಂದು ಮರುವರ್ಷ ಗೊತ್ತಾಯಿತು. ಹಿಸ್ಟೋನ್ ಬರೀ ಹೊದಿಕೆ ಎಂದು ಇನ್ನೂ ಹೇಳುವವರಿದ್ದರೆ ಈ ಮಕ್ಕಳ ವಿಷಯ ಅವರಿಗೆ ತಿಳಿಯಬೇಕು.

ಕೊನೆಯದಾಗಿ ಒಂದು ತಕರಾರು. ಮಣಿಸರ ಆದ ಮೇಲೆ ಡಿಎನ್‌ಎಯ ಉದ್ದ ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದರ ಮುಂದಿನ ಹಂತ ಯಾವುದು? 1976ರಲ್ಲಿ ಜಾನ್ ಫಿಂಚ್ ಮತ್ತು ಆರನ್ ಕ್ಲುಗ್, ಮಣಿಸರವೇ ಮತ್ತೆ ಸುರುಳಿ ಸುತ್ತಿ 30 ನ್ಯಾನೋಮೀಟರ್ ದಪ್ಪದ ನಾರಾಗುತ್ತದೆ ಎಂದರು. ಪಠ್ಯಪುಸ್ತಕಗಳಲ್ಲಿ ಆ ಚಿತ್ರ ಖಾಯಂ ಆಯಿತು: ಡಿಎನ್‌ಎ, ಮಣಿ, ನಾರು, ಕುಣಿಕೆ, ಕೊನೆಗೆ ಕ್ರೋಮೋಸೋಮ್, ಒಂದರ ಮೇಲೊಂದು. ಕೋಶದಿಂದ ಹೊರತೆಗೆದ ಎಳೆಗಳಲ್ಲಿ ಉಪ್ಪಿನ ಪ್ರಮಾಣ ಹದವಾಗಿದ್ದರೆ ಈ ನಾರು ಕಾಣುತ್ತದೆ, ಸುಳ್ಳೇನಲ್ಲ. ಹಕ್ಕಿಯ ಕೆಂಪು ರಕ್ತಕಣದಂಥ, ಜೀನ್‌ಗಳೆಲ್ಲ ಬಹುತೇಕ ಸುಮ್ಮನಾಗಿರುವ ಕೋಶಗಳ ಒಳಗೂ ಕಂಡಿದೆ. ಆದರೆ 2008ರಲ್ಲಿ ಜಾಕ್ ಡುಬೊಶೆ ಇದ್ದ ತಂಡ ಮನುಷ್ಯ ಕೋಶಗಳನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ ನೋಡಿದಾಗ, ವಿಭಜನೆಯ ಹೊತ್ತಿನ ಕ್ರೋಮೋಸೋಮ್‌ಗಳಲ್ಲಿ ಆ ನಾರು ಸಿಗಲಿಲ್ಲ. 2017ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಕ್ಲೋಡಾ ಓಶೇ ತಂಡ ಡಿಎನ್‌ಎಗೆ ಮಾತ್ರ ಲೋಹ ಮೆತ್ತುವ ಬಣ್ಣ ಬಳಸಿ ಕೋಶದೊಳಗೇ ಮೂರು ಆಯಾಮದಲ್ಲಿ ಚಿತ್ರ ತೆಗೆಯಿತು. ಕಂಡದ್ದು 5ರಿಂದ 24 ನ್ಯಾನೋಮೀಟರ್ ದಪ್ಪದ, ಎತ್ತ ಬೇಕಾದರೂ ಬಾಗುವ, ಅಂಕುಡೊಂಕಾದ ಸರಗಳು. ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ. ವಿಭಜನೆಯ ಸಮಯದಲ್ಲೂ ಅವೇ ಸರಗಳು, ಇನ್ನಷ್ಟು ದಟ್ಟವಾಗಿ.

ಆದರೂ ಆ ಮೆಟ್ಟಿಲು ಮೆಟ್ಟಿಲಾದ ಚಿತ್ರ ಹೊಸ ಪುಸ್ತಕಗಳಲ್ಲೂ ಬರುತ್ತಲೇ ಇದೆ. ಅದನ್ನು ಇನ್ನಾದರೂ ತಿದ್ದಬೇಕು. ಆ ಚಿತ್ರ ನೋಡಿದ ವಿದ್ಯಾರ್ಥಿಗೆ ಒಂದು ಜೀನ್ ಓದಬೇಕಾದರೆ ಮೇಲಿನ ಮೆಟ್ಟಿಲುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿಕೊಂಡು ಬರಬೇಕೇನೋ ಎನಿಸುತ್ತದೆ. ಓಶೇ ತಂಡ ಕಂಡ ಸರಗಳಲ್ಲಿ ಅಂಥ ಮೆಟ್ಟಿಲುಗಳೇ ಇಲ್ಲ. ಅಲ್ಲಲ್ಲಿ ದಟ್ಟಣೆ ಸ್ವಲ್ಪ ಸಡಿಲವಾದರೆ ಸಾಕು, ಓದುವ ಕಿಣ್ವಗಳು ಒಳಗೆ ನುಗ್ಗಬಹುದು.