ಸಹಭಾಗಿ ಆಡಳಿತ: ಕಮ್ಯುನಿಟಿ ಕಾಲೇಜಿನ ಒಂದು ಪದ

ಅಮೆರಿಕದ ಕಾಲೇಜುಗಳಲ್ಲಿ ‘ಶೇರ್ಡ್ ಗವರ್ನೆನ್ಸ್’ ಎಂಬುದು ದಿನನಿತ್ಯದ ಮಾತು. ಅದನ್ನು ‘ಹಂಚಿಕೆಯ ಆಡಳಿತ’ ಎಂದು ಕನ್ನಡಕ್ಕೆ ತಂದರೆ ಅರ್ಥ ಕೆಡುತ್ತದೆ. ಅಣ್ಣತಮ್ಮಂದಿರು ಪಾಲಾದ ಮೇಲೆ ಅವರವರ ಹೊಲಕ್ಕೆ ಅವರವರೇ ಯಜಮಾನರು. ಈ ಪದ ಸೂಚಿಸುವ ವ್ಯವಸ್ಥೆ ಹಾಗಿಲ್ಲ. ಇಲ್ಲಿ ಯಜಮಾನಿಕೆ ಒಂದೇ ಕಡೆ ಉಳಿಯುತ್ತದೆ, ಆದರೆ ಯಾವ ವಿಷಯದಲ್ಲಿ ಯಾರನ್ನು ಕೇಳದೆ ಯಜಮಾನ ಮುಂದುವರಿಯುವಂತಿಲ್ಲ ಎಂಬುದನ್ನು ನಿಯಮವೇ ಗೊತ್ತುಮಾಡಿರುತ್ತದೆ. ಹೀಗಾಗಿ ‘ಸಹಭಾಗಿ ಆಡಳಿತ’ ಎನ್ನುವುದೇ ಮೇಲು.

ಈ ಪದಕ್ಕೆ ಕಾನೂನಿನ ಗಟ್ಟಿ ಆಧಾರ ಸಿಕ್ಕಿರುವುದು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ. ಎರಡು ವರ್ಷದ ಪದವಿ, ಕಸುಬಿನ ಸರ್ಟಿಫಿಕೇಟು, ಮುಂದೆ ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ದಾರಿ ಇವುಗಳನ್ನೆಲ್ಲ ಕೊಡುವ ಈ ಕಾಲೇಜುಗಳು ಹೈಸ್ಕೂಲು ವ್ಯವಸ್ಥೆಯ ಒಡಲಿನಿಂದಲೇ ಬೆಳೆದು ಬಂದವು. ಅವು ಶಾಲೆಯ ರೀತಿಯನ್ನು ಬಿಟ್ಟು ಉನ್ನತ ಶಿಕ್ಷಣದ ರೀತಿಗೆ ಹೊರಳಲೆಂದು 1988ರಲ್ಲಿ ಎಬಿ 1725 (ಅಸೆಂಬ್ಲಿ ಬಿಲ್ 1725) ಎಂಬ ಕಾನೂನು ಬಂತು. ಅದನ್ನು ಮಂಡಿಸಿದವರು ಶಾಸಕ ಜಾನ್ ವಾಸ್ಕೊನ್ಸೆಲೊಸ್.

ಪ್ರತಿ ಸ್ಥಳೀಯ ಕಾಲೇಜು ಜಿಲ್ಲೆಯಲ್ಲೂ (ಒಂದೋ ಹಲವೋ ಕಾಲೇಜುಗಳನ್ನು ನಡೆಸುವ ಆಡಳಿತ ಘಟಕಕ್ಕೆ ಅಲ್ಲಿ ‘ಜಿಲ್ಲೆ’ ಎನ್ನುತ್ತಾರೆ) ಮತದಾರರು ಚುನಾಯಿಸಿದ ಆಡಳಿತ ಮಂಡಳಿಯೊಂದಿದ್ದು, ಕೊನೆಯ ತೀರ್ಮಾನ ಅದರದೇ. ಆದರೆ ಹನ್ನೊಂದು ಶೈಕ್ಷಣಿಕ ವಿಷಯಗಳಲ್ಲಿ ಮಂಡಳಿಯು ಅಧ್ಯಾಪಕರ ಪ್ರತಿನಿಧಿ ಸಂಸ್ಥೆಯಾದ ಅಕಾಡೆಮಿಕ್ ಸೆನೆಟ್ಟಿನೊಂದಿಗೆ ಸಮಾಲೋಚನೆ ನಡೆಸಲೇಬೇಕು. ಅಧ್ಯಾಪಕರು ಈ ಪಟ್ಟಿಯನ್ನು ‘ಟೆನ್ ಪ್ಲಸ್ ಒನ್’ ಎಂದು ಕರೆಯುತ್ತಾರೆ: ಪಠ್ಯಕ್ರಮ, ಪದವಿಗೆ ಬೇಕಾದ ಅರ್ಹತೆ, ಗ್ರೇಡು ಕೊಡುವ ನೀತಿ ಮುಂತಾದ ಹತ್ತು ವಿಷಯಗಳು, ಜೊತೆಗೆ ಇಬ್ಬರೂ ಒಪ್ಪಿ ಸೇರಿಸಿಕೊಳ್ಳುವ ಇತರ ವಿಷಯಗಳಿಗೊಂದು ತೆರೆದ ಜಾಗ. ಬಜೆಟ್ಟೂ ಪಟ್ಟಿಯಲ್ಲಿದೆಯಲ್ಲ ಎಂದು ಹಿಗ್ಗುವವರು ಇನ್ನೊಮ್ಮೆ ಓದಬೇಕು; ಅಲ್ಲಿರುವುದು ಬಜೆಟ್ ತಯಾರಿಸುವ ಕ್ರಮವೇ ಹೊರತು ಯಾವ ಬಾಬ್ತಿಗೆ ಎಷ್ಟು ಹಣ ಎಂಬ ನಿರ್ಧಾರವಲ್ಲ.

ಸಮಾಲೋಚನೆಗೂ ಎರಡು ಬಗೆಯುಂಟು. ಸೆನೆಟ್ಟಿನ ಸಲಹೆಯನ್ನೇ ಮುಖ್ಯವಾಗಿ ಅವಲಂಬಿಸುವುದು ಒಂದು. ಇಬ್ಬರೂ ಕೂತು ಪರಸ್ಪರ ಒಪ್ಪಂದಕ್ಕೆ ಬರುವುದು ಇನ್ನೊಂದು. ಯಾವ ವಿಷಯಕ್ಕೆ ಯಾವ ಬಗೆ ಎಂಬುದನ್ನು ಮಂಡಳಿ ತನ್ನ ನೀತಿಯಲ್ಲಿ ನಮೂದಿಸಬೇಕು. ಮೊದಲ ಬಗೆಯಲ್ಲಿ ಸಲಹೆಯನ್ನು ಸಾಮಾನ್ಯವಾಗಿ ಒಪ್ಪಲೇಬೇಕು. ಅಸಾಧಾರಣ ಸನ್ನಿವೇಶದಲ್ಲಿ, ಬಲವಾದ ಕಾರಣವಿದ್ದರೆ ಮಾತ್ರ ತಳ್ಳಿಹಾಕಬಹುದು, ಸೆನೆಟ್ ಕೇಳಿದರೆ ಆ ಕಾರಣವನ್ನು ಬರೆದುಕೊಡಬೇಕು. ನನಗೆ ಇಡೀ ವ್ಯವಸ್ಥೆಯ ಜೀವ ಈ ‘ಬರೆದುಕೊಡಬೇಕು’ ಎಂಬಲ್ಲೇ ಇದ್ದಂತೆ ಕಾಣುತ್ತದೆ. ಎರಡನೆಯ ಬಗೆಯಲ್ಲಿ ಒಮ್ಮತ ಮೂಡದಿದ್ದರೆ, ಕಾನೂನಿನ ತೊಡಕೋ ಭಾರಿ ಹಣಕಾಸಿನ ಮುಗ್ಗಟ್ಟೋ ಎದುರಾಗದ ಹೊರತು, ಹಳೆಯ ನೀತಿಯೇ ಮುಂದುವರಿಯುತ್ತದೆ.

ಒಂದು ಉದಾಹರಣೆ ನೋಡಬಹುದು. ರಸಾಯನಶಾಸ್ತ್ರದ ಕೋರ್ಸೊಂದಕ್ಕೆ ಸೇರುವ ಮೊದಲು ಇನ್ನೊಂದು ಕೋರ್ಸನ್ನು ಮುಗಿಸಿರಬೇಕೆಂಬ ಷರತ್ತು ಹಾಕಲು ವಿಭಾಗದವರು ಬಯಸುತ್ತಾರೆ ಎನ್ನೋಣ. ಮೊದಲ ಕೋರ್ಸಿನ ಕೊನೆಗೆ ವಿದ್ಯಾರ್ಥಿಗೆ ಏನೇನು ಬಂದಿರುತ್ತದೆ, ಎರಡನೆಯದರ ಮೊದಲ ವಾರದಲ್ಲಿ ಅವನಿಗೆ ಏನೇನು ಬೇಕಾಗುತ್ತದೆ ಎಂಬುದನ್ನು ಅವರು ಸಾಲುಸಾಲಾಗಿ ಹೊಂದಿಸಿ ತೋರಿಸಬೇಕು. ಪಠ್ಯಕ್ರಮ ಸಮಿತಿ ಅದನ್ನು ತೂಗಿ ನೋಡಿದ ಮೇಲಷ್ಟೇ ಪ್ರಸ್ತಾವ ಮೇಲಕ್ಕೆ ಹೋಗುತ್ತದೆ. ಈ ನಿಧಾನವನ್ನು ಕಾಲಹರಣ ಎನ್ನುವವರಿದ್ದಾರೆ, ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಕರ್ನಾಟಕದ ಸಂಯೋಜಿತ ಕಾಲೇಜುಗಳಲ್ಲಾದರೆ ಪಠ್ಯಕ್ರಮವನ್ನು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಸಿದ್ಧಪಡಿಸುವುದರಿಂದ ಇಂಥ ಚರ್ಚೆ ಕಾಲೇಜಿನ ಒಳಗೆ ಹುಟ್ಟುವುದೇ ಅಪರೂಪ.

ಬೋಧಕೇತರ ಸಿಬ್ಬಂದಿಗೂ ವಿದ್ಯಾರ್ಥಿಗಳಿಗೂ ತಮ್ಮನ್ನು ತಟ್ಟುವ ವಿಷಯಗಳಲ್ಲಿ ಪರಿಣಾಮಕಾರಿಯಾಗಿ ಭಾಗವಹಿಸುವ ಅವಕಾಶವನ್ನು ನಿಯಮ ಕೊಟ್ಟಿದೆ. ಕನ್ನಡಿಗರು ಸಾಕಷ್ಟು ನೆಲೆಸಿರುವ ಕುಪರ್ಟಿನೊದ ಡಿ ಆಂಜಾ ಕಾಲೇಜಿರುವ ಜಿಲ್ಲೆ ಸೇರಿದಂತೆ ಎಲ್ಲ ಜಿಲ್ಲೆಗಳ ಮಂಡಳಿಯಲ್ಲೂ ವಿದ್ಯಾರ್ಥಿ ಸದಸ್ಯರಿರುತ್ತಾರೆ, ಆದರೆ ಅವರ ಮತ ಸಲಹೆಯ ಮತ ಮಾತ್ರ, ಎಣಿಕೆಗೆ ಬರುವುದಿಲ್ಲ.

ಸೆನೆಟ್ಟನ್ನು ನೌಕರರ ಸಂಘದೊಂದಿಗೆ ಬೆರೆಸಬಾರದು. ಸಂಬಳ, ಕೆಲಸದ ಅವಧಿ, ಸವಲತ್ತು ಇವು 1975ರ ರೊಡ್ಡಾ ಕಾನೂನಿನಡಿ ಸಂಘದ ಚೌಕಾಸಿಗೆ ಸೇರಿದವು. ಗೆರೆ ಎಲ್ಲ ಕಡೆಯೂ ಇಷ್ಟು ನೇರವಾಗಿಲ್ಲ: ಒಂದು ಆನ್‌ಲೈನ್ ತರಗತಿಯಲ್ಲಿ ಎಷ್ಟು ಮಂದಿ ಇರಬೇಕು ಎಂಬುದು ಕಲಿಕೆಯ ಪ್ರಶ್ನೆಯೂ ಹೌದು, ಅಧ್ಯಾಪಕರ ಕೆಲಸದ ಹೊರೆಯ ಪ್ರಶ್ನೆಯೂ ಹೌದು. ಅದು ಸೆನೆಟ್ಟಿನ ಮೇಜಿಗೂ ಬರುತ್ತದೆ, ಸಂಘದ ಮೇಜಿಗೂ ಬರುತ್ತದೆ, ಕೆಲವೊಮ್ಮೆ ಎರಡೂ ಕಡೆ ಅದೇ ಅಧ್ಯಾಪಕರೇ ಕೂತಿರುತ್ತಾರೆ.