ಬಂದೂಕು ಕಂಪನಿ ಮೇಲೆ ದಾವೆ ನಿಲ್ಲುತ್ತದಾ? ಸ್ಯಾಂಡಿ ಹುಕ್ ಪ್ರಕರಣದ ಟಿಪ್ಪಣಿ

ಕಮ್ಮಾರನ ಹತ್ತಿರ ಮಚ್ಚು ಕೊಂಡವನು ಯಾರನ್ನೋ ಕಡಿದರೆ ಕಮ್ಮಾರನನ್ನು ಕೋರ್ಟಿಗೆ ಎಳೆಯುವುದಿಲ್ಲ, ಅಲ್ವಾ? ಅಮೆರಿಕದ ಬಂದೂಕು ಕಂಪನಿಗಳ ವಾದವೂ ಇದೇ. 1990ರ ದಶಕದ ಕೊನೆಗೆ ಷಿಕಾಗೊ, ನ್ಯೂ ಆರ್ಲಿಯನ್ಸ್‌ನಂಥ ನಗರಗಳು ಅವುಗಳ ಮೇಲೆ ಸಾಲಾಗಿ ದಾವೆ ಹೂಡಿದವು. ಅದನ್ನು ತಡೆಯಲು 2005ರಲ್ಲಿ ಪಿಎಲ್‌ಸಿಎಎ (ಕಾನೂನುಬದ್ಧ ಶಸ್ತ್ರಾಸ್ತ್ರ ವ್ಯಾಪಾರದ ರಕ್ಷಣೆ) ಎಂಬ ಕಾಯ್ದೆ ಬಂತು. ಬೇರೆಯವನು ಬಂದೂಕಿನಿಂದ ಅಪರಾಧ ಮಾಡಿದರೆ ತಯಾರಕರು, ಮಾರಾಟಗಾರರ ಮೇಲೆ ಪರಿಹಾರ ಕೇಳುವಂತಿಲ್ಲ ಎನ್ನುವುದು ಅದರ ಸಾರ.

ತುಂಬಾ ಜನ ಇಷ್ಟು ಓದಿ ಪುಸ್ತಕ ಮುಚ್ಚುತ್ತಾರೆ. ದಯವಿಟ್ಟು ಆರು ವಿನಾಯಿತಿಗಳನ್ನೂ ಓದಿ. ನಮಗೆ ಇಲ್ಲಿ ಎರಡು ಸಾಕು. ಒಂದು, ಅನಾಹುತ ಮಾಡುತ್ತಾನೆ ಎಂದು ಗೊತ್ತಿದ್ದೂ ಅಂಥವನ ಕೈಗೆ ಬಂದೂಕು ಕೊಡುವುದು. ಇನ್ನೊಂದು, ಮಾರಾಟಕ್ಕೆ ಅಥವಾ ಪ್ರಚಾರಕ್ಕೆ 'ಅನ್ವಯಿಸುವ' ಕಾನೂನನ್ನು ಗೊತ್ತಿದ್ದೇ ಮುರಿದು, ಅದರಿಂದ ಹಾನಿಯಾಗುವುದು.

2012ರ ಡಿಸೆಂಬರ್ 14. ಕನೆಕ್ಟಿಕಟ್ ರಾಜ್ಯದ ನ್ಯೂಟೌನ್. ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ 20 ಮಕ್ಕಳು, 6 ಸಿಬ್ಬಂದಿ ಗುಂಡಿಗೆ ಬಲಿಯಾದರು. ಮಕ್ಕಳೆಲ್ಲ ಆರೇಳು ವರ್ಷದವರು. ಬುಷ್‌ಮಾಸ್ಟರ್ ರೈಫಲ್ಲನ್ನು ಕಾನೂನುಬದ್ಧವಾಗಿ ಕೊಂಡಿದ್ದವಳು ಕೊಲೆಗಾರನ ತಾಯಿ. ಹಾಗಾಗಿ ಒಂಬತ್ತು ಕುಟುಂಬಗಳು ಆ ರೈಫಲ್ ತಯಾರಿಸಿದ ರೆಮಿಂಗ್ಟನ್ ಕಂಪನಿ ಮೇಲೆ ಹೂಡಿದ ದಾವೆಯಲ್ಲಿ ಮೊದಲ ದಾರಿ ಮುಚ್ಚಿಹೋಯಿತು.

ಉಳಿದದ್ದು ಜಾಹೀರಾತು. ಒಂದರಲ್ಲಿ ರೈಫಲ್ಲಿನ ಚಿತ್ರ, ಜೊತೆಗೆ 'ನಿನ್ನ ಗಂಡಸುತನದ ಕಾರ್ಡು ಮತ್ತೆ ಕೈಗೆ ಬಂತು ಅಂದುಕೋ' ಎಂಬ ಅರ್ಥದ ಸಾಲು. ಇನ್ನು ಕೆಲವು, ಒಬ್ಬಂಟಿಯಾಗಿ ಶತ್ರುಗಳ ಮೇಲೆ ಯುದ್ಧಕ್ಕೆ ಹೋಗುವ ಆಯುಧ ಎಂಬಂತೆ ಅದನ್ನು ತೋರಿಸುತ್ತಿದ್ದವು ಎಂದು ಕುಟುಂಬಗಳು ದೂರಿದವು. ನಮ್ಮ ಕಮ್ಮಾರ ಅಂಗಡಿ ಮುಂದೆ 'ಹಗೆ ತೀರಿಸಲು ಹೇಳಿ ಮಾಡಿಸಿದ ಮಚ್ಚು' ಎಂದು ಬೋರ್ಡು ಹಾಕಿದ್ದರೆ? ಆಗ ಪ್ರಶ್ನೆಯೇ ಬೇರೆಯಾಗುತ್ತದೆ.

ಕನೆಕ್ಟಿಕಟ್‌ನಲ್ಲಿ ಅನುಚಿತ ವ್ಯಾಪಾರವನ್ನು ತಡೆಯುವ ಕಾಯ್ದೆ ಇದೆ. ಅದರಲ್ಲಿ ಬಂದೂಕಿನ ಮಾತೇ ಇಲ್ಲ, ಹಾಗಾಗಿ ಅದು ನಮಗೆ ಅನ್ವಯಿಸುವ ಕಾನೂನಲ್ಲ ಎಂದಿತು ಕಂಪನಿ. ಎಲ್ಲ ವ್ಯಾಪಾರಕ್ಕೂ ಅನ್ವಯಿಸುವುದು ಬಂದೂಕಿಗೂ ಅನ್ವಯಿಸುತ್ತದೆ ಎಂದು 2019ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 4–3ರ ಬಹುಮತದಲ್ಲಿ ಹೇಳಿತು. ಇಡೀ ಪ್ರಕರಣ 'ಅನ್ವಯಿಸುವ' ಎಂಬ ಆ ಒಂದು ಪದದ ಮೇಲೆ ನಿಂತಿದೆ. ನನ್ನ ಮಟ್ಟಿಗೆ ಬಹುಮತದ ಓದೇ ಸರಿ.

ಇದು ವಿಚಾರಣೆಗೆ ಸಿಕ್ಕ ಅನುಮತಿ ಮಾತ್ರ. ಕಂಪನಿ ತಪ್ಪು ಮಾಡಿದೆ ಎಂದು ಯಾವ ಕೋರ್ಟೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಇದನ್ನು ಮರೆಯಬೇಡಿ. ಏಳು ವರ್ಷ ಕೋರ್ಟಿಗೆ ಅಲೆದ ಮೇಲೆ, 2022ರ ಫೆಬ್ರುವರಿಯಲ್ಲಿ 7.3 ಕೋಟಿ ಡಾಲರ್‌ಗೆ ರಾಜಿಯಾಯಿತು. ದಿವಾಳಿಯೆದ್ದಿದ್ದ ರೆಮಿಂಗ್ಟನ್ ಪರವಾಗಿ ಹಣ ಕೊಟ್ಟದ್ದು ವಿಮಾ ಕಂಪನಿಗಳು. ಕಂಪನಿಯ ಒಳಗಿನ ಕಾಗದಪತ್ರ ಬಹಿರಂಗ ಮಾಡುವ ಹಕ್ಕನ್ನೂ ಕುಟುಂಬಗಳು ಪಟ್ಟುಹಿಡಿದು ಪಡೆದವು.

ಇದರ ಪಕ್ಕದಲ್ಲೇ ಅಮೆರಿಕದ ಬಂದೂಕು ಕಂಪನಿಗಳ ಮೇಲೆ ಮೆಕ್ಸಿಕೊ ಸರ್ಕಾರ ಹೂಡಿದ ದಾವೆಯನ್ನಿಟ್ಟು ಓದಿ. ಅಲ್ಲೂ ಇದೇ ವಿನಾಯಿತಿ. ಬಂದೂಕುಗಳ ಕಳ್ಳಸಾಗಣೆಗೆ ಕಂಪನಿಗಳು ನೆರವಾದವು ಎಂಬ ಆರೋಪವನ್ನು ಮೆಕ್ಸಿಕೊ ತಕ್ಕಷ್ಟು ವಿವರವಾಗಿ ಮಂಡಿಸಿಲ್ಲ ಎಂದು 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು.