ವರ್ಷಾಶನದ ಲೆಕ್ಕದಲ್ಲಿ ಒಂದು ತಂಡ

ಧೂಮಕೇತುವಿನ ಹೆಸರಿನಲ್ಲಿ ಇಂದಿಗೂ ನೆನಪಾಗುವ ಎಡ್ಮಂಡ್ ಹ್ಯಾಲಿ 1693ರಲ್ಲಿ ಆಕಾಶಕ್ಕೆ ಸಂಬಂಧವೇ ಇಲ್ಲದ ಒಂದು ಪ್ರಬಂಧವನ್ನು ಪ್ರಕಟಿಸಿದ. ಈಗ ಪೋಲೆಂಡಿಗೆ ಸೇರಿರುವ ಬ್ರೆಸ್ಲೌ ನಗರದ ಜನನ ಮರಣಗಳ ದಾಖಲೆಯನ್ನು ಮುಂದಿಟ್ಟುಕೊಂಡು, ಯಾವ ವಯಸ್ಸಿನವರಲ್ಲಿ ಎಷ್ಟು ಮಂದಿ ಮುಂದಿನ ವರ್ಷವನ್ನು ಕಾಣುತ್ತಾರೆ ಎಂಬ ಕೋಷ್ಟಕವನ್ನು ಸಿದ್ಧಪಡಿಸಿ, ಅದರಿಂದ ವರ್ಷಾಶನದ ನ್ಯಾಯವಾದ ಬೆಲೆ ಎಷ್ಟೆಂದು ಆತ ಲೆಕ್ಕ ಹಾಕಿದ್ದ. ಬದುಕಿರುವವರೆಗೂ ಪ್ರತಿವರ್ಷ ಇಂತಿಷ್ಟು ಹಣ ಕೊಡುತ್ತೇವೆಂದು ಮಾತು ಕೊಟ್ಟು ಇಂಗ್ಲೆಂಡಿನ ಸರ್ಕಾರ ಆಗ ಸಾಲ ಎತ್ತುತ್ತಿತ್ತು. ಹಣ ಪಡೆಯುವವನು ಹತ್ತರ ಹುಡುಗನೋ ಅರವತ್ತರ ಮುದುಕನೋ ಎಂದು ನೋಡದೆ ಎಲ್ಲರಿಗೂ ಒಂದೇ ಬೆಲೆ ಇಟ್ಟಿತ್ತು. ವರ್ಷಕ್ಕೆ ಎಷ್ಟು ಬರುತ್ತದೆ, ಎಷ್ಟು ವರ್ಷ ಬರುತ್ತದೆ, ಮುಂದೆಂದೋ ಬರುವ ಹಣ ಇಂದಿನ ಕೈಕಾಸಿನ ಎದುರು ಎಷ್ಟು ತೂಗುತ್ತದೆ ಎಂಬ ಮೂರು ಪ್ರಶ್ನೆಗಳು ಹ್ಯಾಲಿಯ ಲೆಕ್ಕದ ಒಳಗಿದ್ದವು. ಅಮೆರಿಕದಲ್ಲಿ ಡೈನಸ್ಟಿ ಫ್ಯಾಂಟಸಿ ಫುಟ್‌ಬಾಲ್ ಆಡುವವರು ತಮ್ಮ ತಂಡದ ಬೆಲೆ ಕಟ್ಟಲು ಕುಳಿತಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಇವೇ ಮೂರು, ಆದರೆ ಅವರಲ್ಲಿ ಹೆಚ್ಚಿನವರು ಮೊದಲನೆಯದರಲ್ಲೇ ನಿಂತುಬಿಡುತ್ತಾರೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಚೆಂಡನ್ನು ಕೈಯಿಂದ ಎಸೆದು, ಹೊತ್ತು ಓಡುವ ಅಮೆರಿಕನ್ ಫುಟ್‌ಬಾಲಿನ ಓಕ್ಲೆಂಡ್ ರೈಡರ್ಸ್ ತಂಡದಲ್ಲಿ ಸಣ್ಣ ಪಾಲು ಹೊಂದಿದ್ದ ಬಿಲ್ ವಿಂಕೆನ್‌ಬಾಕ್ ಮತ್ತು ಗೆಳೆಯರು 1962ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕುಳಿತು ಫ್ಯಾಂಟಸಿ ಫುಟ್‌ಬಾಲಿನ ನಿಯಮಗಳನ್ನು ರೂಪಿಸಿದರು. ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ಆಟಗಾರರನ್ನು ಹಂಚಿಕೊಂಡು ಕಾಲ್ಪನಿಕ ತಂಡ ಕಟ್ಟುವುದು, ನಿಜವಾದ ಪಂದ್ಯದಲ್ಲಿ ಅವರು ಗಳಿಸಿದ್ದಕ್ಕೆ ಅಂಕ ಪಡೆಯುವುದು ಇದರ ತಿರುಳು. ಹತ್ತು ಯಾರ್ಡ್ ಮುನ್ನುಗ್ಗಿದರೆ ಒಂದು ಅಂಕ, ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದ ಟಚ್‌ಡೌನ್‌ಗೆ ಆರು, ಎಸೆದ ಚೆಂಡನ್ನು ಹಿಡಿದರೆ ಅನೇಕ ಲೀಗುಗಳಲ್ಲಿ ಇನ್ನೊಂದು. ಸಾಮಾನ್ಯ ಲೀಗುಗಳಲ್ಲಿ ವರ್ಷ ಮುಗಿದೊಡನೆ ತಂಡಗಳು ಕರಗಿಹೋಗುತ್ತವೆ. ಡೈನಸ್ಟಿಯಲ್ಲಿ ಹಾಗಲ್ಲ, ಒಮ್ಮೆ ಪಡೆದ ಆಟಗಾರ, ಮಾರುವವರೆಗೆ ಅಥವಾ ಕೈಬಿಡುವವರೆಗೆ ನಿಮ್ಮವನೇ. ವರ್ಷಕ್ಕೊಮ್ಮೆ ಎನ್‌ಎಫ್‌ಎಲ್‌ಗೆ ಹೊಸದಾಗಿ ಬಂದ ರೂಕಿಗಳನ್ನು ಮಾತ್ರ ಸರದಿಯಂತೆ ಆರಿಸಿಕೊಳ್ಳುತ್ತಾರೆ, ಮುಂದಿನ ವರ್ಷಗಳ ಆ ಸರದಿಯ ಹಕ್ಕನ್ನೂ ಈಗಲೇ ಕೊಡಬಹುದು, ಕೊಳ್ಳಬಹುದು. ಮೂರು ವರ್ಷಕ್ಕೊಮ್ಮೆ ಮೆಗಾ ಹರಾಜಿನಲ್ಲಿ ತಂಡಗಳನ್ನು ಬಹುಪಾಲು ಕಲಸಿಬಿಡುವ ಐಪಿಎಲ್ ನೋಡಿ ಬೆಳೆದ ನಮಗೆ, ಹರಾಜೇ ಇಲ್ಲದೆ ಹತ್ತು ವರ್ಷ ಮುಂದುವರಿಯುವ ತಂಡದ ಚಿಂತೆ ಸ್ವಲ್ಪ ಹೊಸದು.

ಮೊದಲ ಪ್ರಶ್ನೆ, ವರ್ಷಕ್ಕೆ ಎಷ್ಟು ಎಂಬುದು, ಕಾಣುವಷ್ಟು ಸುಲಭವಲ್ಲ. ಆಟಗಾರನ ಒಟ್ಟು ಅಂಕ ಅವನ ಬೆಲೆಯಲ್ಲ; ಅವನಿಲ್ಲದಿದ್ದರೆ ಯಾರೂ ಆರಿಸದೆ ಉಳಿದವರಲ್ಲಿ ಸಿಗುವ ಒಬ್ಬನಿಗಿಂತ ಎಷ್ಟು ಹೆಚ್ಚು ತರುತ್ತಾನೆ ಎಂಬುದು ಬೆಲೆ. ಹನ್ನೆರಡು ತಂಡಗಳ ಲೀಗಿನಲ್ಲಿ ಪ್ರತಿ ತಂಡವೂ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕನ್ನು ಒಬ್ಬನನ್ನೇ ಕಣಕ್ಕಿಳಿಸುವುದಾದರೆ, ತಂಡಕ್ಕೊಬ್ಬನಂತೆ ಎನ್‌ಎಫ್‌ಎಲ್‌ನ 32 ತಂಡಗಳಲ್ಲಿ ಇಪ್ಪತ್ತು ಕ್ವಾರ್ಟರ್‌ಬ್ಯಾಕ್‌ಗಳು ಮಿಕ್ಕುತ್ತಾರೆ, ಬೆಲೆ ಇಳಿಯುತ್ತದೆ. ಇಬ್ಬರನ್ನು ಇಳಿಸಬಹುದಾದ ಸೂಪರ್‌ಫ್ಲೆಕ್ಸ್ ಲೀಗಿನಲ್ಲಿ ಮಿಕ್ಕುವವರು ಎಂಟೇ ಮಂದಿ. ಆಟಗಾರ ಬದಲಾಗಿಲ್ಲ, ಬೆಲೆ ಬದಲಾಗಿದೆ.

ಲೀಗಿನಲ್ಲಿ ವಾರವಾರ ಎರಡೆರಡು ತಂಡಗಳು ಎದುರಾಗುತ್ತವೆ, ಹೆಚ್ಚು ಅಂಕ ಗಳಿಸಿದ್ದು ಗೆಲ್ಲುತ್ತದೆ. ಇನ್ನು ತಂಡ ಒಟ್ಟಾರೆ ಹೇಗಿದೆ ಎಂದು ತಿಳಿಯಲು ಬಹುತೇಕರು ಗೆಲುವು ಸೋಲುಗಳ ಪಟ್ಟಿಯನ್ನು ನೋಡುತ್ತಾರೆ. ಅದು ಮೋಸ ಮಾಡುವ ಪಟ್ಟಿ. ಹನ್ನೆರಡು ತಂಡಗಳೂ ಸಾಮರ್ಥ್ಯದಲ್ಲಿ ಸರಿಸಮ, ಪ್ರತಿ ವಾರದ ಫಲಿತಾಂಶ ನಾಣ್ಯ ಚಿಮ್ಮಿದಂತೆ ಎಂದುಕೊಳ್ಳಿ. ಆಗಲೂ ಹದಿನಾಲ್ಕು ವಾರಗಳಲ್ಲಿ ಒಂದು ತಂಡ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಗೆಲ್ಲುವ ಸಂಭವ ನೂರಕ್ಕೆ ಇಪ್ಪತ್ತೊಂದು. ಅಂದರೆ ಏನೂ ವಿಶೇಷವಿಲ್ಲದ ಎರಡು ಮೂರು ತಂಡಗಳು ಪ್ರತಿವರ್ಷವೂ ಬಲಿಷ್ಠರಂತೆ ಕಾಣಿಸಿಕೊಳ್ಳುತ್ತವೆ, ಅವುಗಳ ಒಡೆಯರು ತಮ್ಮ ಜಾಣತನಕ್ಕೆ ತಾವೇ ತಲೆದೂಗುತ್ತಾರೆ. ಎದುರಾಳಿ ಆ ವಾರ ಎಷ್ಟು ಗಳಿಸಿದ ಎಂಬುದು ನಿಮ್ಮ ಕೈಯಲ್ಲಿಲ್ಲವಾದ್ದರಿಂದ, ವರ್ಷವಿಡೀ ಗಳಿಸಿದ ಒಟ್ಟು ಅಂಕವನ್ನು ನೋಡುವುದೇ ಲೇಸು.

ಆ ಅಂಕದಲ್ಲೂ ಅದೃಷ್ಟದ ಪಾಲಿದೆ. ಅತಿ ಎತ್ತರದ ತಂದೆತಾಯಿಯರ ಮಕ್ಕಳು ಎತ್ತರವಾಗಿಯೇ ಇದ್ದರೂ ಸರಾಸರಿಯ ಕಡೆಗೆ ಒಂದಿಷ್ಟು ಸರಿಯುತ್ತಾರೆಂದು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತೋರಿಸಿದ್ದು ಇಲ್ಲಿಗೂ ಸಲ್ಲುತ್ತದೆ. ಪೇಟನ್ ಮ್ಯಾನಿಂಗ್ 2013ರಲ್ಲಿ 55 ಟಚ್‌ಡೌನ್ ಪಾಸುಗಳನ್ನು ಎಸೆದು ದಾಖಲೆ ಬರೆದರು. ಅದರ ಹಿಂದಿನ ವರ್ಷ 37, ಮರುವರ್ಷ 39. ವಯಸ್ಸಿನ ಪಾತ್ರವೂ ಇದ್ದೀತು, ಆದರೆ ಎರಡೂ ಬದಿಯ ಸಂಖ್ಯೆಗಳು ನಡುವಿನ 55ನ್ನು ಶಿಖರವೆಂದೇ ಹೇಳುತ್ತವೆ, ಅದು ಪ್ರಸ್ಥಭೂಮಿಯಲ್ಲ. ಒಬ್ಬ ಆಟಗಾರನ ಕಡೆಗೆ ಎಷ್ಟು ಬಾರಿ ಚೆಂಡು ಬರುತ್ತದೆ ಎಂಬುದು ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಉಳಿದುಕೊಳ್ಳುತ್ತದೆ, ಅದರಲ್ಲಿ ಎಷ್ಟು ಟಚ್‌ಡೌನ್ ಆಗುತ್ತವೆ ಎಂಬುದು ಅಷ್ಟಾಗಿ ಉಳಿಯುವುದಿಲ್ಲ. ಹಾಗಾಗಿ ಟಚ್‌ಡೌನುಗಳಿಂದ ಉಬ್ಬಿದ ವರ್ಷವೊಂದು ಮುಗಿದ ಮೇಲೆ ಆಟಗಾರನನ್ನು ಕೊಳ್ಳುವುದಕ್ಕಿಂತ ಮಾರುವುದು ಒಳ್ಳೆಯದು.

ಎರಡನೆಯ ಪ್ರಶ್ನೆಯಾದ ಆಯುಸ್ಸಿನಲ್ಲೇ ಡೈನಸ್ಟಿಯ ನಿಜವಾದ ಸ್ವಾರಸ್ಯ. ಟಾಮ್ ಬ್ರೇಡಿ ಕ್ವಾರ್ಟರ್‌ಬ್ಯಾಕ್ ಆಗಿ 45ರವರೆಗೆ ಆಡಿದರು, ಜೆರ್ರಿ ರೈಸ್, ಎಸೆದ ಚೆಂಡನ್ನು ಹಿಡಿಯುವ ವೈಡ್ ರಿಸೀವರ್ ಆಗಿ 42ರವರೆಗೆ. ಚೆಂಡನ್ನು ಹೊತ್ತು ಎದುರಾಳಿಗಳ ಗೋಡೆಗೆ ನುಗ್ಗುವ ರನ್ನಿಂಗ್ ಬ್ಯಾಕಿನ ಕಥೆ ಬೇರೆ. 2017ರ ಶ್ರೇಷ್ಠ ಆಕ್ರಮಣ ಆಟಗಾರನೆಂಬ ಪ್ರಶಸ್ತಿ ಪಡೆದ ಟಾಡ್ ಗರ್ಲಿ 26ರ ವಯಸ್ಸಿನಲ್ಲಿ ಕೊನೆಯ ಪಂದ್ಯ ಆಡಿದರು. ಅದೇ ಪ್ರಶಸ್ತಿಯನ್ನು 2023ರಲ್ಲಿ ಗೆದ್ದ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿಗೆ ಮರುವರ್ಷ ಗಾಯಗಳ ನಡುವೆ ದಕ್ಕಿದ್ದು ನಾಲ್ಕೇ ಪಂದ್ಯ. ದೇಹದ ಸವೆತವೊಂದೇ ಇದಕ್ಕೆ ಕಾರಣವಲ್ಲ. ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಬಂದವರ ಒಪ್ಪಂದ ನಾಲ್ಕು ವರ್ಷದ್ದು, ಸಂಬಳವೂ ಮೊದಲೇ ಕಟ್ಟಿಹಾಕಿದ್ದು. ಅದು ಮುಗಿಯುವ ಹೊತ್ತಿಗೆ ಹಳಬನಿಗೆ ಭಾರಿ ಮೊತ್ತ ತೆರುವ ಬದಲು ಅಗ್ಗದ ಹೊಸಬನನ್ನು ತರುವುದು ತಂಡಗಳಿಗೆ ಲಾಭದ ದಾರಿ. ಕಾಲಿನಲ್ಲಿ ಕಸುವಿದ್ದರೂ ಕೈಗೆ ಚೆಂಡು ಬರದಿದ್ದರೆ ಫ್ಯಾಂಟಸಿಯಲ್ಲಿ ಅಂಕವಿಲ್ಲ.

ಹಾಗಿದ್ದರೆ 2024ರಲ್ಲಿ ಮೂವತ್ತು ತುಂಬಿದ ಮೇಲೂ 1,921 ಯಾರ್ಡ್ ಓಡಿದ ಡೆರಿಕ್ ಹೆನ್ರಿ, 37ರವರೆಗೆ ಆಡಿದ ಫ್ರಾಂಕ್ ಗೋರ್ ಇಲ್ಲವೇ ಎಂದು ಕೇಳಬಹುದು. ಇದ್ದಾರೆ, ತೊಡಕು ಇರುವುದೂ ಅಲ್ಲೇ. ಮೂವತ್ತು ದಾಟಿದ ರನ್ನಿಂಗ್ ಬ್ಯಾಕುಗಳ ಸರಾಸರಿ ಅಂಕವನ್ನು ತೆಗೆದರೆ ಅದು ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ, ಏಕೆಂದರೆ ಆ ವಯಸ್ಸಿಗೆ ಆಡುತ್ತ ಉಳಿದವರು ಹೆನ್ರಿ, ಗೋರ್‌ಗಳಂಥ ಅಸಾಮಾನ್ಯರು ಮಾತ್ರ; ಬಿದ್ದುಹೋದವರು ಲೆಕ್ಕದಿಂದಲೇ ಹೊರಗೆ. ಒಬ್ಬನೇ ಆಟಗಾರನ ಈ ವರ್ಷವನ್ನು ಅವನದೇ ಮುಂದಿನ ವರ್ಷದೊಡನೆ ಹೋಲಿಸುವ ವಿಧಾನ ಸ್ವಲ್ಪ ಮೇಲು, ಆದರೆ ಮುಂದಿನ ವರ್ಷವೇ ಇಲ್ಲದವನನ್ನು ಅದೂ ಬಿಟ್ಟುಬಿಡುತ್ತದೆ. ಹ್ಯಾಲಿಯ ಕೋಷ್ಟಕ ಬೇಕಾಗುವುದು ಈ ಕಾರಣಕ್ಕೆ. ಆಟಗಾರರು ವರ್ಷಕ್ಕೆ ಇಷ್ಟಿಷ್ಟು ಕುಗ್ಗುತ್ತಾರೆ ಎನ್ನುವುದಕ್ಕಿಂತ, ಮುಂದಿನ ವರ್ಷವೂ ಉಪಯುಕ್ತರಾಗಿ ಉಳಿಯುವ ಸಂಭವ ಇಷ್ಟು ಎನ್ನುವುದು ಫುಟ್‌ಬಾಲಿಗೆ ಹೆಚ್ಚು ಹೊಂದುವ ಮಾತು. ಇಲ್ಲಿ ಇಳಿಜಾರಿಗಿಂತ ಕಮರಿಗಳೇ ಹೆಚ್ಚು.

ಈಗ ಊಹೆಯ ಇಬ್ಬರನ್ನು ತೆಗೆದುಕೊಳ್ಳೋಣ. ಸಂಖ್ಯೆಗಳು ವಿವರಣೆಗಾಗಿ ನಾನು ಇಟ್ಟುಕೊಂಡವು. 27ರ ರನ್ನಿಂಗ್ ಬ್ಯಾಕ್ ಒಬ್ಬ ವರ್ಷಕ್ಕೆ ಬದಲಿ ಆಟಗಾರನಿಗಿಂತ 120 ಅಂಕ ಹೆಚ್ಚು ತರುತ್ತಾನೆ, ಪ್ರತಿವರ್ಷ ಹಾಗೆಯೇ ಉಳಿಯುವ ಸಂಭವ ನೂರಕ್ಕೆ ಅರವತ್ತು. 23ರ ವೈಡ್ ರಿಸೀವರ್ ತರುವುದು 80 ಅಂಕ, ಉಳಿಯುವ ಸಂಭವ ನೂರಕ್ಕೆ ಎಂಬತ್ತೈದು. ಮುಂದಿನ ವರ್ಷದ ಒಂದು ಅಂಕ ನಿಮಗೆ ಈ ವರ್ಷದ 0.8 ಅಂಕಕ್ಕೆ ಸಮನಾದರೆ, ಎಲ್ಲ ವರ್ಷಗಳನ್ನೂ ಕೂಡಿಸಿದಾಗ ರನ್ನಿಂಗ್ ಬ್ಯಾಕಿನ ಬೆಲೆ 231, ರಿಸೀವರಿನದು 250. ನಿಮ್ಮ ತಂಡ ಈ ವರ್ಷವೇ ಪ್ರಶಸ್ತಿಯ ಹತ್ತಿರವಿದ್ದು, ಮುಂದಿನ ವರ್ಷದ ಅಂಕ ನಿಮಗೆ 0.6ಕ್ಕಷ್ಟೇ ಸಮ ಎನ್ನುವುದಾದರೆ ರನ್ನಿಂಗ್ ಬ್ಯಾಕ್ 188ಕ್ಕೆ ನಿಲ್ಲುತ್ತಾನೆ, ರಿಸೀವರ್ 163ಕ್ಕೆ ಇಳಿಯುತ್ತಾನೆ. ಇಬ್ಬರಲ್ಲಿ ಯಾರು ಹೆಚ್ಚು ಎಂಬ ಪ್ರಶ್ನೆಗೆ ಇಬ್ಬರನ್ನು ಮಾತ್ರ ನೋಡಿ ಉತ್ತರ ಹೇಳಲಾಗದು, ಕೇಳುವವನ ತಂಡವನ್ನೂ ನೋಡಬೇಕು. ಎಲ್ಲ ಆಟಗಾರರಿಗೂ ಒಂದೊಂದೇ ಬೆಲೆ ಅಚ್ಚುಹಾಕುವ ರ‍್ಯಾಂಕಿಂಗ್ ಪಟ್ಟಿಗಳು ಈ ವಿಷಯದಲ್ಲಿ ಹ್ಯಾಲಿಯ ಕಾಲದ ಸರ್ಕಾರದ ಹಾಗೆಯೇ. ಅದು ಕೊಳ್ಳುವವನ ವಯಸ್ಸನ್ನು ನೋಡುತ್ತಿರಲಿಲ್ಲ, ಇವು ಕೊಳ್ಳುವವನ ತಂಡದ ವಯಸ್ಸನ್ನು ನೋಡುವುದಿಲ್ಲ.

ಮೂರನೆಯ ಪ್ರಶ್ನೆಯಲ್ಲಿ, ಅಂದರೆ ಮುಂದೆ ಬರುವುದರ ಬೆಲೆಯನ್ನು ಇಂದಿಗೆ ಎಷ್ಟು ಕಡಿತಗೊಳಿಸಬೇಕು ಎಂಬುದರಲ್ಲಿ, ವೃತ್ತಿಪರರೂ ಎಡವುತ್ತಾರೆ. ಎನ್‌ಎಫ್‌ಎಲ್ ತಂಡಗಳ ಡ್ರಾಫ್ಟ್ ವ್ಯವಹಾರಗಳನ್ನು ಪರಿಶೀಲಿಸಿದ ಸಂಶೋಧಕರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್, ಈ ವರ್ಷದ ಎರಡನೇ ಸುತ್ತಿನ ಸರದಿಗಾಗಿ ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯನ್ನೇ ಕೊಟ್ಟುಬಿಡುವ ರೂಢಿಯನ್ನು ಗಮನಿಸಿ, ಅದರೊಳಗೆ ವರ್ಷಕ್ಕೆ ಶೇಕಡ 136ರ ಬಡ್ಡಿ ಅಡಗಿದೆಯೆಂದು ಲೆಕ್ಕ ಹಾಕಿದರು. ಮೀಟರ್ ಬಡ್ಡಿಯವರೂ ನಾಚಬೇಕಾದ ದರ ಇದು. ಒಂದೇ ಸ್ಥಾನದ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ಬೆನ್ನಿಗೇ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಂಭವ ನೂರಕ್ಕೆ 52 ಮಾತ್ರ ಎಂಬುದೂ ಅವರದೇ ಲೆಕ್ಕ. 2020ರಲ್ಲಿ ಫಿಲಡೆಲ್ಫಿಯ 21ನೆಯವರಾಗಿ ಜೇಲನ್ ರೇಗರ್ ಅವರನ್ನು ಆರಿಸಿತು. ಮಿನ್ನೆಸೋಟ 22ನೆಯವರಾಗಿ ಆರಿಸಿದ ಜಸ್ಟಿನ್ ಜೆಫರ್ಸನ್ ಮೊದಲ ವರ್ಷವೇ 1,400 ಯಾರ್ಡ್ ಗಳಿಸಿದರು. ಪೂಕಾ ನಕೂವಾ ಅವರ ಸರದಿ ಬಂದದ್ದು 2023ರ 177ನೆಯದಾಗಿ, ಆ ವರ್ಷ ಅವರು ಗಳಿಸಿದ್ದು 1,486 ಯಾರ್ಡ್. ಆದ್ದರಿಂದ ಮೂರನೇ ಸರದಿಯಿಂದ ಎರಡನೆಯದಕ್ಕೆ ಏರಲು ಆಟಗಾರನೊಬ್ಬನನ್ನು ತೆರುವುದಕ್ಕಿಂತ, ಕೆಳಗಿಳಿದು ಸರದಿಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುವುದು ಸಾಮಾನ್ಯವಾಗಿ ಉತ್ತಮ. ಹಾಗೆಂದು ಭವಿಷ್ಯದ ಸರದಿಗಳನ್ನೇ ಹೊನ್ನೆಂದು ಕೂಡಿಡುವುದೂ ಅತಿಯೇ. ಲೀಗಿನವರಲ್ಲಿ ನಾಲ್ವರು ಬೇಸತ್ತು ಬಿಟ್ಟುಹೋಗಿ ಲೀಗೇ ಮುಚ್ಚಿದರೆ, ಮೂರು ವರ್ಷದಾಚೆಯ ಸರದಿಯನ್ನು ಯಾರ ಮುಂದೆ ಹಿಡಿದು ನಿಲ್ಲುವುದು? ಈ ಅಪಾಯವೂ ಕಡಿತದ ದರದಲ್ಲಿ ಸೇರಬೇಕು.

ಮುಂದಿನ ಯೋಜನೆಯೆಂದರೆ, ನನ್ನ ದೃಷ್ಟಿಯಲ್ಲಿ, ತಂಡ ಯಾವ ವರ್ಷ ಫಲಕ್ಕೆ ಬರುತ್ತದೆಂದು ನಿರ್ಧರಿಸುವುದು. ಮೇಲಿನ ಲೆಕ್ಕದಲ್ಲಿ ಇಂದಿನ ರನ್ನಿಂಗ್ ಬ್ಯಾಕ್ ಮೂರು ವರ್ಷದ ನಂತರವೂ ಉಪಯುಕ್ತನಾಗಿರುವ ಸಂಭವ ನೂರಕ್ಕೆ ಇಪ್ಪತ್ತೆರಡು, ರಿಸೀವರ್ ಉಳಿದಿರುವ ಸಂಭವ ಅರವತ್ತೊಂದು. ಕ್ವಾರ್ಟರ್‌ಬ್ಯಾಕ್ ಮತ್ತು ರಿಸೀವರ್‌ಗಳು ಇನ್ನೂ ಎಳೆಯರಾಗಿದ್ದು ರನ್ನಿಂಗ್ ಬ್ಯಾಕುಗಳು ಮಾತ್ರ ಮಾಗಿರುವ ತಂಡ ಕಾಗದದ ಮೇಲೆ ಸಮತೋಲನದಂತೆ ಕಂಡರೂ, ಒಂದು ಭಾಗ ಹಣ್ಣಾಗುವ ಹೊತ್ತಿಗೆ ಇನ್ನೊಂದು ಉದುರಿರುತ್ತದೆ. ವರ್ಷವರ್ಷವೂ ಐದನೆಯದೋ ಏಳನೆಯದೋ ಸ್ಥಾನದಲ್ಲಿ ನಿಲ್ಲುವ ತಂಡಗಳು ಬಹುಮಟ್ಟಿಗೆ ಇಂಥವು. ಅವಕ್ಕೆ ಪ್ರಶಸ್ತಿಯೂ ಇಲ್ಲ, ತಳದಲ್ಲಿದ್ದವರಿಗೆ ಸಿಗುವ ಮೊದಲ ಸರದಿಯೂ ಇಲ್ಲ.

ಇಂಥ ತಂಡದ ಒಡೆಯನು ಸಾಮಾನ್ಯವಾಗಿ ಎಂಟನೇ ವಾರದವರೆಗೆ ಕಾಯುತ್ತಾನೆ, ಎರಡು ಗೆಲುವು ಆರು ಸೋಲು ಎಂಬುದನ್ನು ಕಂಡ ಮೇಲೆ ಮಾರಲು ಹೊರಡುತ್ತಾನೆ. ಈ ವರ್ಷದ ಅಂಕ ಅವನಿಗೆ ಪ್ರಯೋಜನವಿಲ್ಲವಾದ್ದರಿಂದ ಆ ರನ್ನಿಂಗ್ ಬ್ಯಾಕ್ ಅವನ ಪಾಲಿಗೆ 231ರಲ್ಲಿ 120 ಕಳೆದು 111. ಪ್ರಶಸ್ತಿಗೆ ಹೊಡೆದಾಡುತ್ತಿರುವ ನೆರೆಯವನಿಗೆ, ಪಂದ್ಯಗಳು ಶುರುವಾಗುವ ಮೊದಲು ಆಗಸ್ಟಿನಲ್ಲಿ 188 ಆಗಿದ್ದವನು, ಅರ್ಧ ವರ್ಷದ ಅಂಕ ಕಳೆದುಹೋದ ಮೇಲೆ 128 ಮಾತ್ರ. ಪ್ರಶಸ್ತಿ ನಿರ್ಧರಿಸುವ ಕೊನೆಯ ಪ್ಲೇಆಫ್ ವಾರಗಳಿಗೆ ಹೆಚ್ಚು ತೂಕ ಕೊಟ್ಟರೆ ಇನ್ನೊಂದಿಷ್ಟು ಏರಬಹುದು. ಇಬ್ಬರಿಗೂ ಲಾಭವಾಗುವಂತೆ ಚೌಕಾಸಿ ಮಾಡಲು ಆಗಸ್ಟಿನಲ್ಲಿ 77 ಅಂಕಗಳ ಅಂತರವಿತ್ತು, ನವೆಂಬರಿನ ಹೊಸ್ತಿಲಲ್ಲಿ ಉಳಿದಿರುವುದು 17. ತಂಡ ಈ ವರ್ಷ ಗೆಲ್ಲುವಂಥದ್ದಲ್ಲ ಎಂಬುದನ್ನು ಹಿಂದಿನ ವರ್ಷದ ಒಟ್ಟು ಅಂಕ ಮತ್ತು ಆಟಗಾರರ ವಯಸ್ಸಿನ ಪಟ್ಟಿ ಆಗಸ್ಟಿನಲ್ಲೇ ಹೇಳಿದ್ದವು. ಹೆಚ್ಚೂಕಡಿಮೆ ನಾಣ್ಯ ಚಿಮ್ಮಿದಂತಿರುವ ಎಂಟು ಫಲಿತಾಂಶಗಳಿಂದ ಅದನ್ನೇ ಮತ್ತೆ ಕೇಳಿಸಿಕೊಳ್ಳಲು ಅವನು ತೆತ್ತದ್ದು ಅರವತ್ತು ಅಂಕ.